ಊಟದ ತಟ್ಟೆಯೂ ಮುಪ್ಪಿನ ನೆನಪೂ

ಪೋಷಣಾ ವಿಜ್ಞಾನವು 20ನೆಯ ಶತಮಾನದ ಮೊದಲರ್ಧದಲ್ಲಿ ಬೆರಿಬೆರಿ, ಸ್ಕರ್ವಿ, ಪೆಲಾಗ್ರಾದಂಥ ಕೊರತೆಯ ಕಾಯಿಲೆಗಳನ್ನೂ ಉತ್ತರಾರ್ಧದಲ್ಲಿ ಹೃದ್ರೋಗ, ರಕ್ತದೊತ್ತಡ, ಮಧುಮೇಹಗಳನ್ನೂ ತನ್ನ ಮುಖ್ಯ ಕಾಳಜಿಯಾಗಿ ಮಾಡಿಕೊಂಡಿತ್ತು. ದಿನನಿತ್ಯದ ಊಟಕ್ಕೂ ಮಿದುಳಿನ ಮುಪ್ಪಿಗೂ ಸಂಬಂಧವಿರಬಹುದೆಂಬ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ, ಅಳತೆ ಲೆಕ್ಕಾಚಾರಗಳ ಶಿಸ್ತಿನಿಂದ ಕೈಗೆತ್ತಿಕೊಂಡದ್ದು ಬಹುಮಟ್ಟಿಗೆ 1990ರ ದಶಕದಿಂದ ಈಚೆಗೆ. ವಯಸ್ಸಾದಂತೆ ನೆನಪು ಮಾಸುವುದು ಕೂದಲು ನರೆಯುವಷ್ಟೇ ಸಹಜವೆಂಬ ನಂಬಿಕೆ ಎಲ್ಲ ಸಮಾಜಗಳಲ್ಲೂ ಬೇರೂರಿದೆ; ಕನ್ನಡದ ‘ಅರವತ್ತಕ್ಕೆ ಅರಳುಮರಳು’ ಎಂಬ ಮಾತಿನ ಹಿಂದಿರುವುದೂ ಅದೇ ನಂಬಿಕೆ. ಅದನ್ನು ಸುಮ್ಮನೆ ಒಪ್ಪಿಕೊಳ್ಳದೆ, ಸಾವಿರಾರು ಹಿರಿಯರು ಏನನ್ನು ಉಣ್ಣುತ್ತಾರೆ ಮತ್ತು ವರ್ಷಗಳು ಕಳೆದಂತೆ ಅವರ ನೆನಪಿನ ಶಕ್ತಿ ಏನಾಗುತ್ತದೆ ಎಂಬ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸಕ್ಕೆ ತಮ್ಮ ವೃತ್ತಿಜೀವನವನ್ನೇ ಮೀಸಲಿಟ್ಟವರು ಅಮೆರಿಕದ ಷಿಕಾಗೊ ನಗರದ ರಶ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದ ಮಾರ್ಥಾ ಕ್ಲೇರ್ ಮಾರಿಸ್. ಇಂದು ‘ಮೈಂಡ್ ಆಹಾರಕ್ರಮ’ ಎಂಬ ಹೆಸರಿನಲ್ಲಿ ಪತ್ರಿಕೆಗಳಲ್ಲೂ ಆಸ್ಪತ್ರೆಯ ಕರಪತ್ರಗಳಲ್ಲೂ ಕಾಣಸಿಗುವ ಊಟದ ಪದ್ಧತಿ ಅವರ ನೇತೃತ್ವದಲ್ಲಿ ರೂಪುಗೊಂಡದ್ದು.

ಮಾರಿಸ್ ಅವರ ಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಎಪಿಡೆಮಿಯಾಲಜಿ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ‘ಸಾಂಕ್ರಾಮಿಕ ರೋಗಶಾಸ್ತ್ರ’ ಎಂಬ ಹೆಸರು ರೂಢಿಯಲ್ಲಿದ್ದರೂ ಅದು ಅರ್ಥವನ್ನು ತೀರ ಕಿರಿದುಗೊಳಿಸುತ್ತದೆ. ಯಾವ ಕಾಯಿಲೆಯೇ ಆಗಲಿ, ಅದು ಯಾರಿಗೆ ಹೆಚ್ಚಾಗಿ ಬರುತ್ತದೆ, ಯಾರಿಗೆ ಕಡಿಮೆ, ಈ ವ್ಯತ್ಯಾಸಕ್ಕೆ ಅವರ ಬದುಕಿನ ರೀತಿಯಲ್ಲಿ ಏನು ಕಾರಣ ಎಂಬುದನ್ನು ಇಡೀ ಜನಸಮುದಾಯವನ್ನು ನೋಡಿ ತಿಳಿಯುವ ವಿಜ್ಞಾನ ಇದು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಶಾಲೆಯಲ್ಲಿ ಡಾಕ್ಟರೇಟ್ ಪಡೆದ ಮಾರಿಸ್ ಅವರ ಆರಂಭದ ಕೆಲಸ ಮಿದುಳಿಗೆ ಸಂಬಂಧಿಸಿದ್ದೇ ಅಲ್ಲ. 1993ರಲ್ಲಿ ಅವರು ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಒಂದು ಪ್ರಬಂಧವು ಮೀನಿನ ಎಣ್ಣೆ ರಕ್ತದೊತ್ತಡವನ್ನು ತಗ್ಗಿಸುತ್ತದೆಯೇ ಎಂಬ ಬಗ್ಗೆ ಅದುವರೆಗೆ ನಡೆದಿದ್ದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡಿತು. ಒತ್ತಡ ಹೆಚ್ಚಿದ್ದವರಲ್ಲಿ ಸ್ವಲ್ಪ ಇಳಿಕೆ ಕಾಣುತ್ತದೆ, ಆರೋಗ್ಯವಂತರಲ್ಲಿ ಅಂಥ ಪರಿಣಾಮ ಕಾಣುವುದಿಲ್ಲ ಎಂಬುದು ಅದರ ತೀರ್ಮಾನ. ಒಂದು ಆಹಾರದ ಗುಣವನ್ನು ಹೇಳುವಾಗ ಅದು ಯಾರಿಗೆ, ಎಷ್ಟು ಎಂಬುದನ್ನು ಬಿಡದೆ ಹೇಳುವ ಈ ಎಚ್ಚರ ಅವರ ಮುಂದಿನ ಬರಹಗಳಲ್ಲೆಲ್ಲ ಉಳಿದುಕೊಂಡಿತು.

ಅವರ ಕೆಲಸಕ್ಕೆ ನೆಲೆಯಾದದ್ದು 1993ರಲ್ಲಿ ಷಿಕಾಗೊದ ದಕ್ಷಿಣ ಭಾಗದಲ್ಲಿ ಆರಂಭವಾದ ‘ಷಿಕಾಗೊ ಆರೋಗ್ಯ ಮತ್ತು ಮುಪ್ಪಿನ ಯೋಜನೆ’. ಆಸ್ಪತ್ರೆಗೆ ಬಂದ ರೋಗಿಗಳನ್ನು ಮಾತ್ರ ನೋಡದೆ, ಪರಸ್ಪರ ಅಂಟಿಕೊಂಡ ಮೂರು ಬಡಾವಣೆಗಳಲ್ಲಿ ವಾಸವಾಗಿದ್ದ 65 ದಾಟಿದವರನ್ನೆಲ್ಲ ಗಣತಿ ಮಾಡಿ, ಒಪ್ಪಿದವರ ಮನೆಗೇ ಹೋಗಿ, ಸುಮಾರು ಮೂರು ವರ್ಷಗಳಿಗೊಮ್ಮೆ ಮತ್ತೆ ಮತ್ತೆ ಭೇಟಿಯಾಗಿ ಮಾಹಿತಿ ಕಲೆಹಾಕುವುದು ಈ ಯೋಜನೆಯ ಕ್ರಮವಾಗಿತ್ತು. ಮುಂದಿನ ವರ್ಷಗಳಲ್ಲಿ 10,000ಕ್ಕೂ ಹೆಚ್ಚು ಮಂದಿ ಇದರಲ್ಲಿ ಸೇರಿದರು. ಅವರಲ್ಲಿ ಕಪ್ಪು ಜನಾಂಗದವರೇ ಹೆಚ್ಚಿನವರು. ಅಮೆರಿಕದ ವೈದ್ಯಕೀಯ ಸಂಶೋಧನೆಗಳಲ್ಲಿ ಬಿಳಿಯರೇ ತುಂಬಿರುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಇಂಥ ಅಧ್ಯಯನದಲ್ಲಿ ಊಟವನ್ನು ಅಳೆಯುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ರಕ್ತದೊತ್ತಡವನ್ನು ಉಪಕರಣದಿಂದ ಅಳೆಯಬಹುದು. ಒಬ್ಬ ವ್ಯಕ್ತಿ ವರ್ಷವಿಡೀ ತಿಂದದ್ದನ್ನು ಅಳೆಯುವ ಉಪಕರಣ ಯಾವುದೂ ಇಲ್ಲ. ಆದ್ದರಿಂದ ನೂರಕ್ಕೂ ಹೆಚ್ಚು ತಿನಿಸುಗಳ ಪಟ್ಟಿಯನ್ನು ಮುಂದಿಟ್ಟು, ಕಳೆದ ಒಂದು ವರ್ಷದಲ್ಲಿ ಪ್ರತಿಯೊಂದನ್ನೂ ಸರಾಸರಿ ಎಷ್ಟು ಸಲ ತಿಂದಿದ್ದೀರಿ ಎಂದು ಕೇಳುವ ‘ಆಹಾರ ಆವರ್ತನ ಪ್ರಶ್ನಾವಳಿ’ಯನ್ನು ಸಂಶೋಧಕರು ಬಳಸುತ್ತಾರೆ, ಆ ಉತ್ತರಗಳಿಂದ ಕೊಬ್ಬು, ಜೀವಸತ್ವ, ಖನಿಜಗಳ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. ನೆನಪಿನ ಶಕ್ತಿಯನ್ನು ಅಳೆಯಲು ಪುಟ್ಟ ಕಥೆಯೊಂದನ್ನು ಓದಿ ಹೇಳಿ, ಕೂಡಲೇ ಒಮ್ಮೆ, ಸ್ವಲ್ಪ ಹೊತ್ತಿನ ನಂತರ ಇನ್ನೊಮ್ಮೆ ಅದನ್ನು ತಿರುಗಿ ಹೇಳಿಸುವಂಥ ಪರೀಕ್ಷೆಗಳಿರುತ್ತವೆ. ನೆನಪು ಕುಗ್ಗುತ್ತಿರುವವರ ನೆನಪನ್ನೇ ನಂಬಿ ಅವರ ಊಟವನ್ನು ದಾಖಲಿಸುವುದು ಎಷ್ಟರಮಟ್ಟಿಗೆ ಸರಿ ಎಂಬ ಆಕ್ಷೇಪಕ್ಕೆ ಇಲ್ಲಿ ಬಲವಿದೆ. ಈ ಕಾರಣದಿಂದಲೇ ಆರಂಭದಲ್ಲಿ ಕಾಯಿಲೆ ಇಲ್ಲದವರನ್ನು ಆರಿಸಿಕೊಂಡು, ಮುಂದಿನ ವರ್ಷಗಳಲ್ಲಿ ಅವರಲ್ಲಿ ಯಾರಿಗೆ ಕಾಯಿಲೆ ಬರುತ್ತದೆಂದು ಕಾದು ನೋಡುವ ವಿಧಾನವನ್ನು ಅನುಸರಿಸಲಾಗುತ್ತದೆ.

ಷಿಕಾಗೊದ ಈ ಮಾಹಿತಿಯಿಂದ ಮಾರಿಸ್ ಒಂದಾದ ಮೇಲೊಂದು ಪ್ರಬಂಧಗಳನ್ನು ಹೊರತಂದರು. 65 ದಾಟಿದ 815 ಮಂದಿಯನ್ನು ಸುಮಾರು ನಾಲ್ಕು ವರ್ಷ ಗಮನಿಸಿ 2002ರಲ್ಲಿ ಬರೆದ ಪ್ರಬಂಧದಲ್ಲಿ, ‘ಇ’ ಜೀವಸತ್ವವನ್ನು ಆಹಾರದ ಮೂಲಕ ಹೆಚ್ಚು ಪಡೆದವರಿಗೆ ಆಲ್ಜೈಮರ್ ಕಾಯಿಲೆಯ ಅಪಾಯ ಕಡಿಮೆಯಿತ್ತು ಎಂದು ಕಂಡುಬಂತು. ಆದರೆ ಈ ರಕ್ಷಣೆ ಕಂಡದ್ದು ‘ಅಪೊ ಇ-4’ ಎಂಬ, ಕಾಯಿಲೆಯ ಸಂಭವವನ್ನು ಹೆಚ್ಚಿಸುವ ವಂಶವಾಹಿಯ ರೂಪ ಇಲ್ಲದವರಲ್ಲಿ ಮಾತ್ರ. ಅದೇ ಜೀವಸತ್ವವನ್ನು ಮಾತ್ರೆಯ ರೂಪದಲ್ಲಿ ನುಂಗಿದವರಲ್ಲಿ ಅದು ಕಾಣಲಿಲ್ಲ. ಮುಂದಿನ ವರ್ಷ ಪ್ರಕಟವಾದ ಇನ್ನೊಂದು ಪ್ರಬಂಧವು, ವಾರಕ್ಕೆ ಒಮ್ಮೆಯಾದರೂ ಮೀನು ತಿನ್ನುವವರಿಗೆ ಆಲ್ಜೈಮರ್ ಬರುವ ಅಪಾಯ, ಎಂದೋ ಒಮ್ಮೆ ತಿನ್ನುವವರಿಗೆ ಅಥವಾ ತಿನ್ನದವರಿಗೆ ಹೋಲಿಸಿದರೆ, ಶೇ. 60ರಷ್ಟು ಕಡಿಮೆಯೆಂದು ಹೇಳಿತು. 2006ರಲ್ಲಿ 3,718 ಮಂದಿಯ ಮಾಹಿತಿಯನ್ನು ಪರಿಶೀಲಿಸಿದಾಗ, ದಿನಕ್ಕೆ ಎರಡು ಪಾಲಿಗಿಂತ ಹೆಚ್ಚು ತರಕಾರಿ ತಿನ್ನುವವರಲ್ಲಿ ಬುದ್ಧಿಶಕ್ತಿಯ ಇಳಿಕೆ ಶೇ. 40ರಷ್ಟು ನಿಧಾನವಾಗಿತ್ತು, ಹಣ್ಣುಗಳಿಗೆ ಮಾತ್ರ ಅಂಥ ಸಂಬಂಧ ಕಾಣಲಿಲ್ಲ.

ಎಲ್ಲ ಫಲಿತಾಂಶಗಳೂ ನಿರೀಕ್ಷಿಸಿದ ಕಡೆಗೇ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಹಸಿರು ಸೊಪ್ಪು, ಕಾಳುಗಳಲ್ಲಿರುವ ಫೋಲೇಟ್ ಎಂಬ ‘ಬಿ’ ಗುಂಪಿನ ಜೀವಸತ್ವವು ಮಿದುಳಿಗೆ ಒಳ್ಳೆಯದೆಂಬ ಭಾವನೆ ಇದ್ದರೂ, 2005ರಲ್ಲಿ ಮಾರಿಸ್ ಮತ್ತು ಸಂಗಡಿಗರು ಕಂಡದ್ದು ಅದಕ್ಕೆ ವಿರುದ್ಧವಾದದ್ದನ್ನು: ಫೋಲೇಟನ್ನು ಅತಿ ಹೆಚ್ಚು ಪಡೆಯುತ್ತಿದ್ದವರಲ್ಲಿ ಬುದ್ಧಿಶಕ್ತಿಯ ಇಳಿಕೆ ನಿಧಾನವಾಗುವ ಬದಲು ತ್ವರಿತವಾಗಿತ್ತು. ಅಮೆರಿಕದಲ್ಲಿ 1998ರಿಂದ ಧಾನ್ಯದ ಹಿಟ್ಟುಗಳಿಗೆ ಫೋಲಿಕ್ ಆಮ್ಲವನ್ನು ಕಡ್ಡಾಯವಾಗಿ ಬೆರೆಸಲಾಗುತ್ತಿದ್ದ ಹೊತ್ತಿನಲ್ಲಿ ಇದು ಅನೇಕರಿಗೆ ಹಿತವಾಗದ ಫಲಿತಾಂಶ. ಅದನ್ನು ಮುಚ್ಚಿಡದೆ ಪ್ರಕಟಿಸಿದ್ದು ಅವರ ವಿಜ್ಞಾನದ ಪ್ರಾಮಾಣಿಕತೆಗೆ ಸಾಕ್ಷಿ.

ಆಹಾರ ಮಿದುಳಿನ ಮೇಲೆ ಪರಿಣಾಮ ಬೀರುವ ಬಗೆ ಹೇಗೆ? ದೇಹದ ತೂಕದಲ್ಲಿ ಶೇ. 2ರಷ್ಟೇ ಇರುವ ಮಿದುಳು, ವಿಶ್ರಾಂತಿಯಲ್ಲಿರುವಾಗ ದೇಹ ವ್ಯಯಿಸುವ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ಬಳಸುತ್ತದೆ. ಇಷ್ಟು ಬಿರುಸಿನಿಂದ ಆಮ್ಲಜನಕ ಬಳಕೆಯಾಗುವ ಕಡೆ ಜೀವಕೋಶಗಳನ್ನು ಕೆಡಿಸುವ ಅಣುಗಳೂ ಹೆಚ್ಚು ಹುಟ್ಟುತ್ತವೆ; ಮಿದುಳಿನ ಕೋಶಗಳ ಹೊರಪೊರೆ ಕೊಬ್ಬಿನಿಂದ ಕೂಡಿದ್ದು ಈ ಹಾನಿಗೆ ಸುಲಭವಾಗಿ ಈಡಾಗುತ್ತದೆ. ‘ಇ’ ಜೀವಸತ್ವ ಕೊಬ್ಬಿನಲ್ಲಿ ಕರಗುವುದರಿಂದ ಆ ಪೊರೆಯೊಳಗೇ ಇದ್ದು ಅದನ್ನು ಕಾಯುತ್ತದೆ. ಮೀನಿನಲ್ಲಿರುವ ಒಮೆಗಾ-3 ಗುಂಪಿನ ಡಿಎಚ್‌ಎ ಎಂಬ ಕೊಬ್ಬು ಆ ಪೊರೆಯ ಕಟ್ಟೋಣದ ವಸ್ತುವೇ ಆಗಿದೆ. ಇದಲ್ಲದೆ ಮಿದುಳಿನ ಸಣ್ಣ ರಕ್ತನಾಳಗಳು ಕೆಟ್ಟರೆ ನೆನಪೂ ಕೆಡುತ್ತದೆಯಾದ್ದರಿಂದ, ಹೃದಯಕ್ಕೆ ಒಳಿತಾದ ಊಟ ಮಿದುಳಿಗೂ ಒಳಿತಾಗುವ ಸಾಧ್ಯತೆ ಹೆಚ್ಚು.

ಈ ಕೊನೆಯ ಮಾತೇ ಮೈಂಡ್ ಆಹಾರಕ್ರಮದ ತಳಹದಿ. ಆಲಿವ್ ಎಣ್ಣೆ, ಮೀನು, ಕಾಳು, ತರಕಾರಿಗಳಿಗೆ ಒತ್ತುಕೊಡುವ ಮೆಡಿಟರೇನಿಯನ್ ಸಮುದ್ರ ತೀರದ ಊಟವೂ, ರಕ್ತದೊತ್ತಡವನ್ನು ತಗ್ಗಿಸುವುದಕ್ಕೆಂದು ಅಮೆರಿಕದಲ್ಲಿ 1990ರ ದಶಕದಲ್ಲಿ ರೂಪಿಸಿ ಪ್ರಯೋಗದಿಂದ ದೃಢಪಡಿಸಿದ ‘ಡ್ಯಾಶ್’ ಊಟವೂ ಹೃದಯದ ವಿಷಯದಲ್ಲಿ ಹೆಸರು ಪಡೆದಿದ್ದವು. ಮಾರಿಸ್ ಮತ್ತು ಸಂಗಡಿಗರು ಈ ಎರಡನ್ನೂ ಮುಂದಿಟ್ಟುಕೊಂಡು, ಮಿದುಳಿಗೆ ಸಂಬಂಧಿಸಿದ ಪುರಾವೆ ಯಾವ ಪದಾರ್ಥಕ್ಕೆ ಇದೆ, ಯಾವುದಕ್ಕೆ ಇಲ್ಲ ಎಂದು ಸೋಸಿ, 15 ಅಂಶಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಹಸಿರು ಸೊಪ್ಪು ವಾರಕ್ಕೆ ಆರು ಪಾಲು, ಬೇರೆ ತರಕಾರಿ ದಿನಕ್ಕೊಂದು ಪಾಲು, ಇಡಿಧಾನ್ಯ ದಿನಕ್ಕೆ ಮೂರು ಪಾಲು, ಜತೆಗೆ ಬಾದಾಮಿಯಂಥ ಬೀಜಗಳು, ಬೆರಿ ಹಣ್ಣುಗಳು, ಕಾಳುಗಳು, ಮೀನು, ಕೋಳಿ, ಆಲಿವ್ ಎಣ್ಣೆ ಮತ್ತು ದಿನಕ್ಕೊಂದು ಲೋಟ ವೈನ್, ಹೀಗೆ ಹತ್ತು ಬೇಕಾದವು. ಕೆಂಪು ಮಾಂಸ, ಬೆಣ್ಣೆ, ಚೀಸ್, ಸಿಹಿ ತಿನಿಸು, ಕರಿದ ತಿನಿಸು ಎಂಬ ಐದು ಮಿತಿಯಲ್ಲಿರಬೇಕಾದವು. ವೈನನ್ನು ಮುಂದೆ ನಡೆದ ಪ್ರಯೋಗದಲ್ಲಿ ಕೈಬಿಡಲಾಯಿತು. ಅದು ಸರಿಯಾದ ನಿರ್ಧಾರವೇ. ಎಲ್ಲ ಹಣ್ಣುಗಳನ್ನು ಬಿಟ್ಟು ಬೆರಿಗಳನ್ನಷ್ಟೇ ಸೇರಿಸಿದ್ದು ವಿಚಿತ್ರವಾಗಿ ಕಂಡರೂ ಅದಕ್ಕೆ ಕಾರಣವಿತ್ತು: ಷಿಕಾಗೊದಲ್ಲಿ ಒಟ್ಟಾರೆ ಹಣ್ಣುಗಳಿಗೆ ನೆನಪಿನೊಂದಿಗೆ ಸಂಬಂಧ ಸಿಕ್ಕಿರಲಿಲ್ಲ, ಆದರೆ ಅಮೆರಿಕದ ದಾದಿಯರನ್ನು ಕುರಿತ ದೀರ್ಘ ಅಧ್ಯಯನವೊಂದರಲ್ಲಿ ಬೆರಿಗಳಿಗೆ ಸಿಕ್ಕಿತ್ತು.

ಈ ಪಟ್ಟಿಯನ್ನು ಕುರಿತು 2015ರಲ್ಲಿ ಪ್ರಕಟವಾದ ಪ್ರಬಂಧಕ್ಕೆ ಆಧಾರವಾದದ್ದು ರಶ್ ವಿಶ್ವವಿದ್ಯಾಲಯದ್ದೇ ಆದ ಇನ್ನೊಂದು ಅಧ್ಯಯನ; ನಿವೃತ್ತರ ವಸತಿಗಳಲ್ಲಿರುವ ಹಿರಿಯರು ಪ್ರತಿವರ್ಷ ಪರೀಕ್ಷೆಗೆ ಒಳಗಾಗಿ, ಮರಣಾನಂತರ ತಮ್ಮ ಮಿದುಳನ್ನು ದಾನ ಮಾಡಲು ಒಪ್ಪಿರುವ ಅಪರೂಪದ ಯೋಜನೆಯದು. ಅಲ್ಲಿನ 923 ಮಂದಿಯನ್ನು ಸರಾಸರಿ ನಾಲ್ಕೂವರೆ ವರ್ಷ ಗಮನಿಸಿ, ಅವರ ಊಟ ಮೈಂಡ್ ಪಟ್ಟಿಗೆ ಎಷ್ಟು ಹತ್ತಿರವೆಂದು ಅಂಕ ಕೊಟ್ಟು, ಮೂರು ಗುಂಪು ಮಾಡಿದಾಗ, ಅತಿ ಹತ್ತಿರವಿದ್ದ ಗುಂಪಿನಲ್ಲಿ ಆಲ್ಜೈಮರ್ ಬರುವ ಪ್ರಮಾಣ ಕೊನೆಯ ಗುಂಪಿಗಿಂತ ಶೇ. 53ರಷ್ಟು ಕಡಿಮೆಯಿತ್ತು. ಪತ್ರಿಕೆಗಳು ಎತ್ತಿ ಹಿಡಿದದ್ದು ಈ ಅಂಕಿಯನ್ನು. ಆದರೆ ಮೆಡಿಟರೇನಿಯನ್ ಊಟವನ್ನು ಕಟ್ಟುನಿಟ್ಟಾಗಿ ಪಾಲಿಸಿದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಲಾಭ ಕಂಡಿದ್ದರಿಂದ, ಈ ಪ್ರಬಂಧದಲ್ಲಿ ನಿಜವಾಗಿ ಹೊಸದಾಗಿದ್ದದ್ದು ನಡುವಿನ ಗುಂಪಿನ ಫಲಿತಾಂಶ: ಮೈಂಡ್ ಪಟ್ಟಿಯನ್ನು ಸಾಧಾರಣವಾಗಿ ಪಾಲಿಸಿದವರಲ್ಲೂ ಅಪಾಯ ಶೇ. 35ರಷ್ಟು ತಗ್ಗಿತ್ತು, ಉಳಿದೆರಡು ಊಟಗಳನ್ನು ಅರೆಬರೆ ಪಾಲಿಸಿದವರಲ್ಲಿ ಅಂಥ ಲಾಭ ಕಾಣಲಿಲ್ಲ. ಎಪ್ಪತ್ತು ಎಂಬತ್ತರ ವಯಸ್ಸಿನಲ್ಲಿ ಊಟದ ಅಭ್ಯಾಸವನ್ನು ಪೂರ್ತಿ ಬದಲಿಸುವುದು ಯಾರಿಗೂ ಸುಲಭವಲ್ಲವಾದ್ದರಿಂದ ಇದು ಬಹಳ ಬೆಲೆಯುಳ್ಳ ಸುಳಿವು. 2018ರಲ್ಲಿ ಅದೇ ಯೋಜನೆಯ, ಸರಾಸರಿ 81 ವರ್ಷದ 960 ಮಂದಿಯ ಮಾಹಿತಿಯಿಂದ, ದಿನಕ್ಕೆ ಒಂದು ಪಾಲಿಗಿಂತ ತುಸು ಹೆಚ್ಚು ಹಸಿರು ಸೊಪ್ಪು ತಿನ್ನುವವರ ಬುದ್ಧಿಶಕ್ತಿ ಕುಗ್ಗುವ ವೇಗವು, ಸೊಪ್ಪನ್ನು ಹೆಚ್ಚುಕಡಿಮೆ ಮುಟ್ಟದವರಿಗೆ ಹೋಲಿಸಿದರೆ, 11 ವರ್ಷ ಕಿರಿಯರಾದವರಲ್ಲಿ ಇರುವಷ್ಟಿತ್ತು ಎಂದು ತಿಳಿದುಬಂತು.

ಇಷ್ಟಾದರೂ ಇವೆಲ್ಲ ಗಮನಿಸಿ ಕಂಡ ಸಂಬಂಧಗಳೇ ಹೊರತು ಕಾರಣ ಇದೇ ಎಂಬುದಕ್ಕೆ ರುಜುವಾತಲ್ಲ. ದಿನಾ ಸೊಪ್ಪು ತಿನ್ನುವ ವ್ಯಕ್ತಿ ಹೆಚ್ಚು ಓದಿದವರಾಗಿರಬಹುದು, ನಡಿಗೆಯ ಅಭ್ಯಾಸವಿದ್ದವರಾಗಿರಬಹುದು, ಕೈಯಲ್ಲಿ ಸಾಕಷ್ಟು ಹಣವಿದ್ದವರಾಗಿರಬಹುದು. ನೆನಪು ಉಳಿದದ್ದು ಸೊಪ್ಪಿನಿಂದಲೋ ಉಳಿದ ಅನುಕೂಲಗಳಿಂದಲೋ ಎಂಬುದನ್ನು ಲೆಕ್ಕಾಚಾರದಿಂದ ಪೂರ್ತಿಯಾಗಿ ಬೇರ್ಪಡಿಸಲಾಗದು. ಅದನ್ನು ಬೇರ್ಪಡಿಸುವ ದಾರಿಯೆಂದರೆ, ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪಾಗಿ ಹಂಚಿ, ಒಂದು ಗುಂಪಿಗೆ ಹೊಸ ಊಟವನ್ನು ಕೊಟ್ಟು, ಇನ್ನೊಂದಕ್ಕೆ ಕೊಡದೆ, ಎರಡನ್ನೂ ಹೋಲಿಸುವ ಯಾದೃಚ್ಛಿಕ ಪ್ರಯೋಗ. ತಮ್ಮ ಹೆಸರಿಗೆ ಅಷ್ಟೊಂದು ಕೀರ್ತಿ ತಂದಿದ್ದ ತೀರ್ಮಾನವನ್ನು ಮಾರಿಸ್ ತಾವೇ ಇಂಥ ಕಠಿಣ ಪರೀಕ್ಷೆಗೆ ಒಡ್ಡಿದರು. ಅವರ ವೃತ್ತಿಜೀವನದ ಅತಿ ದೊಡ್ಡ ಕೆಲಸವೆಂದು ಗಣಿಸಬೇಕಾದದ್ದು ಜನಪ್ರಿಯವಾದ ಆ ಪಟ್ಟಿಗಿಂತಲೂ ಮಿಗಿಲಾಗಿ ಈ ಪ್ರಯೋಗವನ್ನೇ.

2017ರಲ್ಲಿ ಷಿಕಾಗೊ ಮತ್ತು ಬೋಸ್ಟನ್ ನಗರಗಳಲ್ಲಿ ಆರಂಭವಾದ ಪ್ರಯೋಗದಲ್ಲಿ 65 ದಾಟಿದ 604 ಮಂದಿ ಭಾಗವಹಿಸಿದರು. ನೆನಪಿನ ತೊಂದರೆ ಇಲ್ಲದಿದ್ದರೂ ಕುಟುಂಬದಲ್ಲಿ ಮರೆಗುಳಿತನದ ಇತಿಹಾಸವಿದ್ದು, ತೂಕ ಹೆಚ್ಚಿದ್ದು, ಊಟದ ಗುಣಮಟ್ಟ ಸಾಲದಾಗಿದ್ದವರು ಇವರು. ಒಂದು ಗುಂಪು ಮೈಂಡ್ ಊಟವನ್ನು ಅನುಸರಿಸಿತು, ಇನ್ನೊಂದು ತನ್ನ ರೂಢಿಯ ಊಟದಲ್ಲೇ ಮುಂದುವರಿಯಿತು. ಎರಡೂ ಗುಂಪುಗಳಿಗೆ ಸ್ವಲ್ಪ ತೂಕ ಇಳಿಸುವಂತೆ ಕ್ಯಾಲರಿಯನ್ನು ಮಿತಗೊಳಿಸುವ ಮಾರ್ಗದರ್ಶನ ದೊರೆಯಿತು. ಅವಧಿ ಮೂರು ವರ್ಷ. ಅದು ಮುಗಿಯುವ ಮೊದಲೇ, 2020ರ ಫೆಬ್ರವರಿಯಲ್ಲಿ, ಮಾರಿಸ್ ತಮ್ಮ 64ನೆಯ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಸಹೋದ್ಯೋಗಿ ಲೀಸಾ ಬಾರ್ನ್ಸ್ ಮತ್ತು ಇತರರು ಮುನ್ನಡೆಸಿ 2023ರ ಜುಲೈಯಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಎರಡೂ ಗುಂಪುಗಳಲ್ಲಿ ಬುದ್ಧಿಶಕ್ತಿಯ ಪರೀಕ್ಷೆಯ ಅಂಕಗಳು ಸ್ವಲ್ಪ ಏರಿದ್ದವು, ಎರಡರಲ್ಲೂ ತೂಕ ಸುಮಾರು 5 ಕಿಲೊ ಇಳಿದಿತ್ತು, ಆದರೆ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಇರಲಿಲ್ಲ. ಮಿದುಳಿನ ಎಂಆರ್‌ಐ ಚಿತ್ರಗಳಲ್ಲೂ ಅದು ಕಾಣಲಿಲ್ಲ.

ಇದರಿಂದ ಮೈಂಡ್ ಊಟ ಸುಳ್ಳೆಂದು ಸಿದ್ಧವಾಯಿತೆನ್ನುವುದು ಅವಸರದ ಮಾತು. ಮರೆಗುಳಿತನಕ್ಕೆ ಕಾರಣವಾಗುವ ಬದಲಾವಣೆಗಳು ಲಕ್ಷಣ ಕಾಣುವುದಕ್ಕೆ ಹತ್ತಾರು ವರ್ಷ ಮೊದಲೇ ಮಿದುಳಿನಲ್ಲಿ ಶುರುವಾಗುತ್ತವೆ. ಮೂರು ವರ್ಷದ ಊಟ ಅದನ್ನು ಅಳೆಯುವಷ್ಟು ಬದಲಿಸದಿರಬಹುದು. ಹೋಲಿಕೆಯ ಗುಂಪಿನವರೂ ಊಟ ಕಡಿಮೆ ಮಾಡಿ ತೂಕ ಇಳಿಸಿಕೊಂಡದ್ದರಿಂದ ಅವರಿಗೂ ಲಾಭವಾಗಿರಬಹುದು. ಆದರೂ ಶೇ. 53ರ ಅಂಕಿಯನ್ನು ಊಟದಿಂದ ಸಿಗುವ ಖಚಿತ ಫಲವೆಂಬಂತೆ ಹೇಳುವ ಹಕ್ಕು ಈಗ ಯಾರಿಗೂ ಉಳಿದಿಲ್ಲ.

ಕನ್ನಡ ಓದುಗರಿಗೆ ಈ ವಿಷಯ ದೂರದ್ದಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ, ಮರೆಗುಳಿತನದೊಂದಿಗೆ ಬದುಕುತ್ತಿದ್ದಾರೆ. ಈ ಪ್ರಮಾಣ ಗಂಡಸರಿಗಿಂತ ಹೆಂಗಸರಲ್ಲೂ ಪಟ್ಟಣಕ್ಕಿಂತ ಹಳ್ಳಿಗಳಲ್ಲೂ ಹೆಚ್ಚು. ಷಿಕಾಗೊದ ಅಧ್ಯಯನದಂತೆಯೇ ಆಸ್ಪತ್ರೆಯನ್ನು ಬಿಟ್ಟು ಜನವಸತಿಯನ್ನೇ ನೆಲೆಯಾಗಿಟ್ಟುಕೊಂಡ ಕೆಲಸವೊಂದು ಕರ್ನಾಟಕದಲ್ಲೂ ನಡೆಯುತ್ತಿದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ, ಮಾವಿಗೆ ಹೆಸರಾದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಗುರಿಯಿಟ್ಟುಕೊಂಡಿದೆ. ರಾಗಿಮುದ್ದೆ, ಬಸ್ಸಾರು, ಅವರೆಕಾಳು, ಹುರುಳಿಯ ಊಟ ಮಾಡುವವರ ಮಿದುಳಿನ ಬಗ್ಗೆ ಆಧಾರಸಹಿತ ಮಾತನಾಡಬೇಕಾದರೆ ಅಂಥ ಅಧ್ಯಯನಗಳೇ ಬೇಕು.

ಅಲ್ಲಿಯವರೆಗೆ ಮೈಂಡ್ ಪಟ್ಟಿಯನ್ನು ಅಕ್ಷರಶಃ ಪಾಲಿಸಲು ದುಬಾರಿ ಆಲಿವ್ ಎಣ್ಣೆಯನ್ನೋ ಬ್ಲೂಬೆರಿಯನ್ನೋ ಕೊಳ್ಳುವ ಅಗತ್ಯವಿಲ್ಲ. ದಂಟು, ಹರಿವೆ, ಮೆಂತ್ಯ, ನುಗ್ಗೆಸೊಪ್ಪು, ಬಗೆಬಗೆಯ ಕಾಳು, ರಾಗಿ, ಜೋಳ, ಒಂದು ಹಿಡಿ ಕಡಲೆಕಾಯಿ, ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಇವೆಲ್ಲ ಆ ಪಟ್ಟಿಯ ಮುಖ್ಯ ಗುಂಪುಗಳಿಗೆ ಸೇರಿದವೇ. ಕನ್ನಡ ಮನೆಗಳಲ್ಲಿ ತೊಂದರೆಯಿರುವುದು ಬೇರೆಡೆ: ವಯಸ್ಸಾದವರಿಗೆ ತಿಳಿಸಾರು ಅನ್ನ ಸಾಕು, ರಾತ್ರಿ ಏನೂ ಬೇಡ ಎಂಬ ರೂಢಿಯಿಂದ ಅವರ ತಟ್ಟೆಯಲ್ಲಿ ಕಾಳೂ ಸೊಪ್ಪೂ ಮೊದಲು ಕಾಣೆಯಾಗುತ್ತವೆ. ವಯಸ್ಸಾದಂತೆ ದೇಹಕ್ಕೆ ಬೇಕಾದ ಕ್ಯಾಲರಿ ಕಡಿಮೆಯಾಗುತ್ತದೆ, ಆದರೆ ಪ್ರೋಟೀನು ಮತ್ತು ಜೀವಸತ್ವಗಳ ಅಗತ್ಯ ಕಡಿಮೆಯಾಗುವುದಿಲ್ಲ. ಹಲ್ಲಿಲ್ಲದವರಿಗೆ ಕಾಳನ್ನು ಮೆತ್ತಗೆ ಬೇಯಿಸಿ, ಸೊಪ್ಪನ್ನು ಮಸೆದು ಮಸ್ಸೊಪ್ಪು ಮಾಡಿ ಕೊಡಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ, ಸೊಪ್ಪಿನಲ್ಲಿರುವ ‘ಕೆ’ ಜೀವಸತ್ವ ಆ ಔಷಧಿಯ ಕೆಲಸಕ್ಕೆ ಅಡ್ಡಬರುವುದರಿಂದ, ವೈದ್ಯರನ್ನು ಕೇಳದೆ ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಬದಲಿಸಬಾರದು. ಸಸ್ಯಾಹಾರಿಗಳಲ್ಲಿ ಹೆಚ್ಚಾಗಿ ಕಾಣುವ ಬಿ-12 ಜೀವಸತ್ವದ ಕೊರತೆಯಿಂದಲೂ ಥೈರಾಯಿಡ್ ತೊಂದರೆಯಿಂದಲೂ ಮರೆವು ಬರುತ್ತದೆ, ಚಿಕಿತ್ಸೆಯಿಂದ ಅದು ಸುಧಾರಿಸಲೂಬಹುದು. ಆದ್ದರಿಂದ ಮನೆಯ ಹಿರಿಯರಲ್ಲಿ ಮರೆವು ಹೆಚ್ಚುತ್ತಿರುವುದು ಕಂಡರೆ ವಯಸ್ಸಿನ ಮೇಲೆ ಹೊರಿಸಿ ಕೂರದೆ ಅವರನ್ನು ವೈದ್ಯರ ಬಳಿ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಬೇಕು.